ಮೇಡಂ ನನಗೆ ಬಿಟ್ಟುಕೊಟ್ಟ ಕ್ಲಾಸು

ಮೇಡಂ ತೀರಿಕೊಂಡರು. ಸಾವಿನ ಸುದ್ದಿಯನ್ನು ಹೀಗೆ ಮೊದಲ ಸಾಲಿನಲ್ಲೇ, ಸುತ್ತುಬಳಸಿಲ್ಲದೆ ಹೇಳಬೇಕು ಎಂದು ನಮಗೆ ಕಲಿಸಿದವರೇ ಅವರು. ‘ಅಗಲಿದರು’, ‘ನಮ್ಮನ್ನು ಬಿಟ್ಟುಹೋದರು’ ಎಂದೆಲ್ಲ ಯಾರಾದರೂ ಬರೆದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. “ಬಿಟ್ಟು ಎಲ್ಲಿಗೋದ್ರು? ಮೆಜೆಸ್ಟಿಕ್ಕಿಗಾ?” ಎಂದು ಕೇಳುತ್ತಿದ್ದರು.

ಅವರ ಅಂಕಣವನ್ನು ವರ್ಷಗಟ್ಟಲೆ ಅಚ್ಚು ಹಾಕಿದ ವಾರಪತ್ರಿಕೆಯವರು ನನಗೆ ಫೋನ್ ಮಾಡಿ, “ನೀವು ಅವರ ಖಾಸಾ ಶಿಷ್ಯರಂತಲ್ಲ ಡಾಕ್ಟ್ರೇ, ಒಂದೆರಡು ಪುಟ ಬರ್ಕೊಡಿ” ಎಂದರು. ಬರೆದು ಕಳಿಸಿದೆ. ಸದಾ ನಗುಮುಖ, ರೋಗಿಗಳ ಪಾಲಿನ ತಾಯಿ, ತುಂಬಲಾರದ ನಷ್ಟ, ಎಲ್ಲ ಇತ್ತು ಅದರಲ್ಲಿ. ಮಾರನೆಯ ದಿನ ಮತ್ತೆ ಓದಿದರೆ ನನಗೇ ಅಸಹ್ಯವಾಯಿತು. ಮೇಡಂ ನಗುಮುಖದವರೇ ಅಲ್ಲ. ತಾಯಿ ಎಂದು ಯಾರಾದರೂ ಕರೆದರೆ, “ನಂಗೆ ಒಬ್ಳೇ ಮಗಳು, ಅವಳೇ ಸಾಕು” ಎನ್ನುತ್ತಿದ್ದರು. ಪತ್ರಿಕೆಯವರಿಗೆ ಫೋನ್ ಮಾಡಿ ಆ ಬರಹ ಬೇಡ ಎಂದೆ. ಇದು ಎರಡನೆಯದು. ಇದನ್ನು ಅವರು ಹಾಕುತ್ತಾರೋ ಬಿಡುತ್ತಾರೋ ಗೊತ್ತಿಲ್ಲ, ನಾನಂತೂ ಬರೆಯಬೇಕು.

ನಾನು ಮೊದಲು ಅವರನ್ನು ಕಂಡದ್ದು ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ. ಆಸ್ಪತ್ರೆಯ ಹೆಸರು ಬೇಡ. ಆಗಷ್ಟೇ ಎಂಬಿಬಿಎಸ್ ಮುಗಿಸಿ, ಜಗತ್ತಿನಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂಬ ಠೀವಿಯಲ್ಲಿ ಯಲಹಂಕದಿಂದ ಬೈಕಿನಲ್ಲಿ ಬರುತ್ತಿದ್ದ ಕಾಲ ಅದು. ಮೇಡಂ ಅಬ್ಬಬ್ಬಾ ಎಂದರೆ ಐದಡಿ. ತಲೆಗೆ ಬಿಗಿಯಾಗಿ ಸುತ್ತಿದ ಬೂದು ಬಣ್ಣದ ದುಪಟ್ಟಾ, ಗಂಡಸರು ಕಟ್ಟುವಂಥ ದೊಡ್ಡ ವಾಚು. ಅದರ ಡಯಲನ್ನು ಅಂಗೈ ಕಡೆಗೆ ತಿರುಗಿಸಿ ಕಟ್ಟುತ್ತಿದ್ದರು, ನಾಡಿ ಹಿಡಿದಾಗ ಕಣ್ಣಿಗೆ ನೇರ ಸಿಗಲಿ ಎಂದು. ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ಒಮ್ಮೆ ಯಾರೋ ಪುಢಾರಿಯ ಕಡೆಯವನು ಮೇಜು ಗುದ್ದಿ ಗುದ್ದಿ ಕಿರುಚಾಡಿದ. ಮೇಡಂ ಸ್ಟೆತೊಸ್ಕೋಪನ್ನು ಕಿವಿಯಿಂದ ತೆಗೆದು, “ನೀವು ಕಿರುಚಿದ್ರೆ ನಿಮ್ಮಣ್ಣನ ಉಸಿರು ನಂಗೆ ಕೇಳ್ಸಲ್ಲ” ಎಂದರು. ಅಷ್ಟೇ. ಆತ ಬಾಯಿಗೆ ಬೀಗ ಹಾಕಿಕೊಂಡು ಮೂಲೆಗೆ ಹೋಗಿ ನಿಂತ.

ಮನೆಯಲ್ಲಿ ದಖನಿ ಉರ್ದು, ನಮ್ಮ ಜೊತೆ ಇಂಗ್ಲಿಷು, ಬರೆಯುವುದು ಮಾತ್ರ ಕನ್ನಡ. ಯಾಕೆ ಎಂದು ಕೇಳಿದ್ದೆ. “ಇಲ್ಲಿ ಜನ ನರಳೋದು ಕನ್ನಡದಲ್ಲಿ ಕಣೋ. ಬರೆಯೋದು ಇನ್ಯಾವುದ್ರಲ್ಲಿ?” ಎಂದಿದ್ದರು. ಹೊರರಾಜ್ಯಗಳಿಂದ ಬಂದ ಹುಡುಗ ಹುಡುಗಿಯರಿಗೆ ನೋವಿನ ಮಾತುಗಳನ್ನೇ ಒಂದು ಪಾಠ ಮಾಡುತ್ತಿದ್ದರು. ಎದೆ ಹಿಂಡೋದು ಬೇರೆ, ಎದೆ ಹಿಡ್ಕೊಳ್ಳೋದು ಬೇರೆ, ಉರಿ ಬೇರೆ, ಚುಚ್ಚೋದು ಬೇರೆ. “ಸಂಕಟ ಅಂತ ಹೇಳಿದ ಮನುಷ್ಯನಿಗೆ ಹತ್ತು ನಿಮಿಷದಲ್ಲಿ ಇಸಿಜಿ ಆಗ್ಲಿಲ್ಲ ಅಂದ್ರೆ, ಹನ್ನೊಂದನೇ ನಿಮಿಷಕ್ಕೆ ನಿಂಗೆ ಇಸಿಜಿ ಬೇಕಾಗತ್ತೆ” ಎಂದು ಅವರಿಗೆಲ್ಲ ಹೇಳಿಟ್ಟಿದ್ದರು.

ಅಂಕಣ ಬರೆಯುತ್ತಿದ್ದದ್ದು ಡ್ಯೂಟಿ ರೂಮಿನಲ್ಲಿ, ತಪ್ಪಾಗಿ ಪ್ರಿಂಟಾದ ಡಿಸ್ಚಾರ್ಜ್ ಹಾಳೆಗಳ ಹಿಂಬದಿಯಲ್ಲಿ, ಖಾರಾ ಬಿಸ್ಕತ್ತು ಕಡಿಯುತ್ತಾ. ಬರೆದದ್ದನ್ನು ಮೊದಲು ಓದಿ ಹೇಳುತ್ತಿದ್ದದ್ದು ನಮಗಲ್ಲ, ವಾರ್ಡು ಗುಡಿಸಿ ಒರೆಸುತ್ತಿದ್ದ ಮುನಿರತ್ನಮ್ಮನಿಗೆ. ಮುನಿರತ್ನಮ್ಮ ತಣಿಸಂದ್ರದ ಹಳೇ ಊರಿನವಳು. ಬಕೆಟ್ ಪಕ್ಕಕ್ಕಿಟ್ಟು, ಗೋಡೆಗೊರಗಿ ಕೇಳುತ್ತಿದ್ದಳು. ಅವಳು ಆಕಳಿಸಿದ ಕಡೆ ಮೇಡಂ ಪೆನ್ನು ತೆಗೆದು ಗೀಟು ಹಾಕುತ್ತಿದ್ದರು. ನಮ್ಮ ಮೆಚ್ಚುಗೆಗೆ ಅಲ್ಲಿ ಮೂರು ಕಾಸಿನ ಬೆಲೆ ಇರಲಿಲ್ಲ.

ಗುರುವಾರದ ಕ್ಲಾಸು ಎಂದು ಒಂದಿತ್ತು. ಅಂಥದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಎರಡು ಪ್ಲಾಸ್ಟಿಕ್ ಸ್ಟೂಲು. ಒಂದರ ಮೇಲೆ ಮುನಿರತ್ನಮ್ಮ, ಸತ್ತವನ ತಾಯಿಯಾಗಿ. ಇನ್ನೊಂದರ ಮೇಲೆ ನಾವು, ಒಬ್ಬೊಬ್ಬರಾಗಿ. ಮಗ ಸತ್ತಿದ್ದಾನೆ ಎಂದು ಅವಳಿಗೆ ಹೇಳಬೇಕು. ನನ್ನ ಸರದಿ ಬಂದಾಗ ನಾನು ಸ್ಟೂಲನ್ನು ಲೆಕ್ಕಕ್ಕೇ ಇಡದೆ, ಕೈ ಕಟ್ಟಿ ನಿಂತು ಶುರು ಮಾಡಿದೆ. “ನೋಡಿ ಅಮ್ಮಾ, ಕರ್ಕೊಂಡ್ ಬಂದಾಗ್ಲೇ ಕಂಡೀಶನ್ ತುಂಬಾ ಕ್ರಿಟಿಕಲ್ ಇತ್ತು. ನಾವು ನಮ್ಮ ಕೈಲಾದ ಪ್ರಯತ್ನ ಎಲ್ಲಾ ಮಾಡಿದ್ವಿ. ಆದ್ರೆ ಬಾಡಿ ರೆಸ್ಪಾಂಡ್ ಮಾಡ್ಲಿಲ್ಲ...”

ಮುನಿರತ್ನಮ್ಮ ನನ್ನ ಮುಖ ನೋಡಿದಳು. “ಅಂಗಾರೆ ಮದ್ಯಾನುಕ್ಕೆ ಊಟ ತರ್ಲಾ ಬ್ಯಾಡ್ವಾ ಸಾರ್?”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೇಡಂ ನಗಲಿಲ್ಲ. “ನೋಡು, ಈಯಮ್ಮ ಈಗ ಬಸ್ ಹತ್ತಿ ಮನೆಗೆ ಹೋಗ್ತಾಳೆ, ಮುದ್ದೆ ಮಾಡ್ತಾಳೆ, ಡಬ್ಬಿ ಕಟ್ಕೊಂಡು ಬರ್ತಾಳೆ. ಸತ್ತ ಮಗನಿಗೆ. ನಿನ್ನಿಂದ. ಕೂತ್ಕೋ, ಮತ್ತೆ ಹೇಳು” ಎಂದರು. ಐದು ಸಲ ಹೇಳಿಸಿದರು. ಕೂರಬೇಕು. ಹೆಸರು ಹಿಡಿದು ಹೇಳಬೇಕು. ‘ತೀರಿಕೊಂಡರು’ ಎನ್ನಬೇಕು. ಆಮೇಲೆ ಬಾಯಿ ಮುಚ್ಚಿಕೊಂಡು, ಅವರು ಸಾಕು ಎನ್ನುವವರೆಗೆ ಅಲ್ಲೇ ಇರಬೇಕು.

ಇನ್ನೂ ಎರಡು ಕಟ್ಟಳೆಗಳಿದ್ದವು. ಜೀವ ಹೋದ ಮೇಲೆ ಮನೆಯವರಿಗೆ ತೋರಿಸಲಿಕ್ಕೆ ಎದೆ ಒತ್ತುವ ನಾಟಕ ಕೂಡದು. ಇದು ಬಹಳ ಕಡೆ ನಡೆಯುತ್ತದೆ, ನಡೆಯುವುದಿಲ್ಲ ಎಂದು ಯಾವ ಡಾಕ್ಟರಾದರೂ ಎಂದರೆ ನಂಬಬೇಡಿ. ಎರಡನೆಯದು, ನಮ್ಮ ಮನೆಯವರನ್ನೇ ಒಳಗೆ ತಂದರೆ ನಾವು ಡಾಕ್ಟರಲ್ಲ, ಬಾಗಿಲ ಹೊರಗೆ ನಿಲ್ಲಬೇಕು.

ಏಳು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವರ ಗಂಡನನ್ನು ಕರೆತಂದರು.

ಅವರು ಆರ್.ಟಿ. ನಗರದಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದರು. ತಮಾಷೆಯ ಮನುಷ್ಯ. ಮೇಡಂ ಮರೆತು ಬಂದ ಡಬ್ಬಿ ಕೊಡಲು ಬಂದಾಗಲೆಲ್ಲ ನಮ್ಮ ಕನ್ನಡಕಗಳ ಸಡಿಲ ತಿರುಪು ಬಿಗಿ ಮಾಡಿ, “ಡಾಕ್ಟರ್ ಸಾಬ್, ಇಂಜೆಕ್ಷನ್ ಸರಿಯಾಗಿ ಕಾಣ್ತಾ ಇದ್ಯಾ?” ಎಂದು ಕೇಳಿ ಹೋಗುತ್ತಿದ್ದರು. ಆ ದಿನ ಅಂಗಡಿಯಲ್ಲೇ ಕುಸಿದಿದ್ದರು. ಪಕ್ಕದ ಅಂಗಡಿಯವರು ಆಟೋದಲ್ಲಿ ಹಾಕಿಕೊಂಡು ಬಂದಾಗ ಮೂರು ಗಂಟೆ. ಡ್ಯೂಟಿಯಲ್ಲಿದ್ದ ದೊಡ್ಡ ಡಾಕ್ಟರು ನಾನೇ. ಮೇಡಂ ಮೇಲಿನ ಮಹಡಿಯಲ್ಲಿ ಪಾಠ ಮಾಡುತ್ತಿದ್ದರು. ಅವರಿಗೆ ಹೇಳಿಕಳಿಸಿದೆ. ಇಪ್ಪತ್ತು ನಿಮಿಷ ಮಾಡಬೇಕಾದ್ದೆಲ್ಲ ಮಾಡಿದೆವು, ಅದರಲ್ಲಿ ಲೋಪವಿಲ್ಲ. ಮೂರೂ ಇಪ್ಪತ್ತಕ್ಕೆ ಇಸಿಜಿ ತೆಗೆದರೆ ನೆಟ್ಟಗೆ ಒಂದು ಗೆರೆ. ಕಣ್ಣಿಗೆ ಬೆಳಕು ಬಿಟ್ಟೆ, ಏನೂ ಇಲ್ಲ. “ನಿಲ್ಲಿಸಿ” ಎಂದೆ.

ಆಗ ಸಿಸ್ಟರ್ ನನ್ನ ಕಿವಿಯ ಹತ್ತಿರ ಬಂದು, “ಮೇಡಂ ಬಂದಿದ್ದಾರೆ ಸರ್, ಹೊರಗೆ ನಿಂತಿದ್ದಾರೆ” ಎಂದರು.

ನನಗೆ ಏನಾಯಿತೋ. ಜೂನಿಯರ್ ಹುಡುಗನಿಗೆ, “ಒತ್ತುತ್ತಾ ಇರು” ಎಂದೆ. ಅವನು ನನ್ನನ್ನೇ ನೋಡಿದ. “ಒತ್ತಪ್ಪಾ” ಎಂದು ಗದರಿ, ಬಾಗಿಲು ತಳ್ಳಿಕೊಂಡು ಹೊರಗೆ ಹೋದೆ.

ಮೇಡಂ ಬಾಗಿಲಿಂದ ಎರಡು ಹೆಜ್ಜೆ ದೂರ ನಿಂತಿದ್ದರು. ತಾವೇ ಮಾಡಿದ ಕಟ್ಟಳೆ, ಒಳಗೆ ಇಣುಕಲೂ ಇಲ್ಲ. ಎದೆಬಡಿತದ ಬಗ್ಗೆ ಒಂದೇ ಪ್ರಶ್ನೆ ಕೇಳಿದರು. “ರಿದಮ್ ಏನಿದೆ?”

“ಶಾಕ್ ಕೊಟ್ವಿ ಮೇಡಂ. ಸ್ವಲ್ಪ ಬಂದಿದೆ. ಟ್ರೈ ಮಾಡ್ತಿದ್ದೀವಿ.”

ಪೂರ್ತಿ ನಿಂತ ಹೃದಯಕ್ಕೆ ಶಾಕ್ ಕೊಡುವುದಿಲ್ಲ. ಏನೋ ಒಂದು ಅದುರು ಉಳಿದಿದ್ದರೆ ಮಾತ್ರ ಕೊಡುತ್ತೇವೆ. ಸಿನಿಮಾದವರಿಗೆ ಇದು ಗೊತ್ತಿಲ್ಲ, ಮೇಡಂಗೆ ಗೊತ್ತು. ಅಂದರೆ ಬರೀ ‘ಟ್ರೈ ಮಾಡ್ತಿದ್ದೀವಿ’ ಎಂದಿದ್ದರೆ ಅವರು ಅರ್ಥ ಮಾಡಿಕೊಳ್ಳುತ್ತಿದ್ದರೇನೋ. ನಾನು ಡಾಕ್ಟರೂ ನಂಬುವಂಥ ಸುಳ್ಳನ್ನು ಆರಿಸಿ ಹೇಳಿದೆ. ಅವರ ಮುಖಕ್ಕೆ ಜೀವ ಬಂತು. ನನ್ನ ಮಣಿಕಟ್ಟು ಹಿಡಿದು ಅದುಮಿದರು. “ಥ್ಯಾಂಕ್ಸ್ ಕಣೋ. ಹೋಗು, ಒಳಗ್ಹೋಗು.”

ಬಾಗಿಲು ಮುಚ್ಚುವ ಮುಂಚೆ ಅವರು ಮಗಳಿಗೆ ಫೋನ್ ಮಾಡಿದ್ದು ಕೇಳಿಸಿತು. ಮಗಳು ಮಾಕಳಿಯ ಆಚೆ ಒಂದು ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಹೆದರಬೇಡ, ಹೃದಯ ಮತ್ತೆ ಬಡಿಯುತ್ತಿದೆಯಂತೆ, ಗಾಡಿ ನಿಧಾನ ಓಡಿಸು ಎಂದು ತಮ್ಮ ಮನೆಮಾತಿನಲ್ಲಿ ಹೇಳುತ್ತಿದ್ದರು.

ಒಳಗೆ ನಲವತ್ತು ನಿಮಿಷ ನಾಟಕ ನಡೆಯಿತು. ಹುಡುಗರು ಸರದಿಯ ಮೇಲೆ ಒತ್ತಿದರು, ಯಾರೂ ನನ್ನ ಮುಖ ನೋಡಲಿಲ್ಲ. ಮುನಿರತ್ನಮ್ಮ ಒರೆಸುವ ಕೋಲು ಹಿಡಿದು ಮೂಲೆಯಲ್ಲಿ ನಿಂತಿದ್ದವಳು, “ಯಾಕ್ ಸಾರ್ ಇನ್ನಾ ಒತ್ತುಸ್ತೀರಾ? ವೊಟ್ಟೆ ಉರೀತದೆ. ಓಗಿ ಏಳ್ಬುಡಿ” ಎಂದಳು. ಅವಳಿಗಿದ್ದ ಗಂಡೆದೆ ನನಗಿರಲಿಲ್ಲ. ನಾಲ್ಕು ಗಂಟೆಗೆ ಹೊರಗೆ ಹೋದೆ. ನಿಂತೇ ಇದ್ದೆ. ಅವರ ತಲೆಯ ಮೇಲಿನ ಗೋಡೆ ನೋಡುತ್ತಾ, “ಸಾರಿ ಮೇಡಂ” ಎಂದೆ. ಆ ಎರಡೇ ಮಾತು. ಅಷ್ಟು ವರ್ಷ ಕಲಿತದ್ದಕ್ಕೆ!

“ಎಷ್ಟೊತ್ತಿಗೆ?” ಎಂದರು. ನಾನು ಬಾಗಿಲು ತೆರೆದು ಹಿಡಿದೆ. ಅವರು ಒಳಗೆ ಹೋಗಿ ಮೊದಲು ಗಂಡನ ಹಣೆ ಮುಟ್ಟಿದರು. ಆಮೇಲೆ ಫೈಲಿನಲ್ಲಿದ್ದ ಇಸಿಜಿ ಕಾಗದ ತೆಗೆದರು. ಯಂತ್ರ ತಾನಾಗಿಯೇ ಸಮಯ ಅಚ್ಚು ಮಾಡುತ್ತದೆ. ಮೂರೂ ಇಪ್ಪತ್ತು. ಕೇಸ್ ಶೀಟಿನಲ್ಲಿ ನಾನೂ ಅದನ್ನೇ ಬರೆದಿದ್ದೆ. ಬಾಯಲ್ಲಿ ಸುಳ್ಳು ಹೇಳಿದವನಿಗೆ ಕಾಗದದಲ್ಲಿ ಹೇಳುವ ಧೈರ್ಯ ಬಂದಿರಲಿಲ್ಲ. ಅವರು ಓದಿ, ಕಾಗದವನ್ನು ಇದ್ದ ಜಾಗಕ್ಕೇ ಇಟ್ಟರು.

ಮಗಳು ಬಂದಾಗ ನಾಲ್ಕೂ ಮುಕ್ಕಾಲು. ಕೈಯಲ್ಲಿ ಒಂದು ಚೀಲ ಮೂಸಂಬಿ. ಅಬ್ಬಾನಿಗೆ ರಸ ತೆಗೆದು ಕೊಡಬಹುದು ಎಂದು ಯಶವಂತಪುರದಲ್ಲಿ ಗಾಡಿ ನಿಲ್ಲಿಸಿ ಕೊಂಡಿದ್ದಳು. ಮೇಡಂ ಅವಳನ್ನು ಬೆಂಚಿನ ಮೇಲೆ ಕೂರಿಸಿ, ತಾವೂ ಕೂತು, “ಅಬ್ಬಾ ತೀರ್ಕೊಂಡ್ರು ಬೇಟಾ” ಎಂದರು. ಎಷ್ಟೋ ಹೊತ್ತಿನ ಮೇಲೆ, ದೇಹ ಬಿಟ್ಟುಕೊಡುವ ಕಾಗದಕ್ಕೆ ಮಗಳು ಸಹಿ ಹಾಕಬೇಕಾಯಿತು. ಸಹಿ ಹಾಕುತ್ತಾ ಅವಳು ಅದರಲ್ಲಿದ್ದ ಸಾವಿನ ಸಮಯ ಓದಿದಳು. ತನ್ನ ಫೋನ್ ತೆಗೆದು ನೋಡಿದಳು.

“ಅಮ್ಮಿ, ನೀನು ನಂಗೆ ಫೋನ್ ಮಾಡಿದ್ದು ಮೂರೂ ಇಪ್ಪತ್ತೈದಕ್ಕೆ.”

ಫೋನನ್ನು ತಾಯಿಯ ಮುಂದೆ ಹಿಡಿದಳು.

“ನೀನು ಡಾಕ್ಟರು. ಬಾಗಿಲಲ್ಲೇ ನಿಂತಿದ್ದೆ. ನಿಂಗೆ ಗೊತ್ತಿತ್ತಾ?”

ಮೇಡಂ ಒಂದು ಸಲ ನನ್ನ ಕಡೆ ನೋಡಿದರು. ನಾನು ಮೂರು ಮಾರು ದೂರದಲ್ಲಿದ್ದೆ. ಬಾಯಿ ಬಿಟ್ಟು ‘ಅವರಿಗೆ ಗೊತ್ತಿರಲಿಲ್ಲ, ನಾನು ಸುಳ್ಳು ಹೇಳಿದೆ’ ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ಫೈಲಿನ ಹಾಳೆ ಮಗುಚುತ್ತಾ ನಿಂತೆ.

“ಗೊತ್ತಿತ್ತು” ಎಂದರು ಮೇಡಂ.

“ನಾನು ಅಲ್ಲಿ ಮೂಸಂಬಿಗೆ ಚೌಕಾಸಿ ಮಾಡ್ತಾ ನಿಂತಿದ್ದೆ ಅಮ್ಮಿ” ಎಂದಳು ಮಗಳು. ಅಳು ಆಮೇಲೆ ಬಂತು.

ಅವರು ನನ್ನನ್ನು ಯಾಕೆ ಉಳಿಸಿದರು? ನಿಜ ಹೊರಬಿದ್ದಿದ್ದರೆ ಆಸ್ಪತ್ರೆಯವರು ನನ್ನನ್ನು ಮರುದಿನವೇ ಮನೆಗೆ ಕಳಿಸುತ್ತಿದ್ದರು, ಅದು ಒಂದು ಕಾರಣವಿರಬಹುದು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಗಂಡ ತೀರಿಕೊಂಡ ಹೆಂಗಸು ಕೂರಬೇಕಾದ ಇದ್ದತ್ ಎಂದು ಮೇಡಂ ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇದ್ದರು. “ನಂಗೋಸ್ಕರ ಅಲ್ಲ, ನಮ್ಮತ್ತೆಗೋಸ್ಕರ” ಎಂದಿದ್ದರು. ತಿರುಗಿ ಬಂದ ಮೊದಲ ಗುರುವಾರ ನನ್ನನ್ನು ಕರೆದು, “ಈ ಕ್ಲಾಸು ಇನ್ಮೇಲೆ ನಿಂದು” ಎಂದರು.

ಶಿಕ್ಷೆಯೋ ನಂಬಿಕೆಯೋ, ಇವತ್ತಿಗೂ ತಿಳಿದಿಲ್ಲ. ವರ್ಷಾನುಗಟ್ಟಲೆ ಆ ಸ್ಟೂಲಿನ ಪಕ್ಕ ನಿಂತು, ಹೇಗೆ ಹೇಳಬೇಕು ಎಂದು ನಾನು, ನಾನು, ಮಕ್ಕಳಿಗೆ ಪಾಠ ಮಾಡಿದೆ! ಮೇಡಂ ಕೊನೆಯ ಸಾಲಿನಲ್ಲಿ ಕೂತು ಅಂಕಣ ತಿದ್ದುತ್ತಿದ್ದರು. ಒಂದು ದಿನವೂ ಮಧ್ಯೆ ಬಾಯಿ ಹಾಕಲಿಲ್ಲ. ಹೊಸ ಹುಡುಗರು ಕ್ಲಾಸು ಚೆನ್ನಾಗಿತ್ತು ಸರ್ ಎಂದಾಗಲೆಲ್ಲ ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸುತ್ತಿತ್ತು. ಅವರ ಅಂಕಣದಲ್ಲಿ ಹಾವು ಕಡಿತ ಬಂತು, ಮಕ್ಕಳು ನುಂಗಿದ ನಾಣ್ಯ ಬಂತು, ಬೈಕ್ ಹುಡುಗರ ಹೆಲ್ಮೆಟ್ಟು ಬಂತು. ಸಾವನ್ನು ಹೇಳುವ ವಿಷಯ ಮತ್ತೆ ಬರಲೇ ಇಲ್ಲ.

ಮಗಳು ಕಾಲೇಜಿನ ಹತ್ತಿರವೇ ಮನೆ ಮಾಡಿಕೊಂಡಳು. ಹಬ್ಬಕ್ಕೆ ಬರುತ್ತಿದ್ದಳು, ದಿನಾ ಫೋನೂ ಮಾಡುತ್ತಿದ್ದಳು. ಹೊರಗಿನವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಒಂದು ದಿನ ಡ್ಯೂಟಿ ರೂಮಿನಲ್ಲಿ ಮೇಡಂ ತಾವೇ ತಮ್ಮ ತೋಳಿಗೆ ಬಿಪಿ ಪಟ್ಟಿ ಸುತ್ತಿಕೊಂಡು, ಯಂತ್ರದ ಅಂಕಿಗಳನ್ನು ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದರು. ಏನು ಮೇಡಂ ಎಂದೆ. “ಮಗಳಿಗೆ. ಚೆನ್ನಾಗಿದ್ದೀನಿ ಅಂದ್ರೆ ನಂಬಲ್ಲ ಅವಳು. ಫೋಟೋ ಕಳ್ಸು ಅಂತಾಳೆ” ಎಂದರು. ಆಮೇಲೆ, ನನ್ನ ಕಡೆ ನೋಡದೆ, “ಸಿಟ್ಟಿಲ್ಲ ಅವಳಿಗೆ. ನನ್ನ ಮಾತು ಅವಳಿಗೆ ಮಾತಾಗಿ ಉಳಿದಿಲ್ಲ, ಅಷ್ಟೇ” ಎಂದರು. ನಾನು ಒಂದು ಫೋನ್ ಮಾಡಿದ್ದರೆ ಸರಿಹೋಗುತ್ತಿತ್ತು. ನಾಳೆ ಮಾಡುತ್ತೇನೆ ಎಂದುಕೊಂಡೆ. ನನ್ನ ಜನ್ಮಕ್ಕಿಷ್ಟು!

ಹೋದ ವರ್ಷ ಅವರ ಹೊಟ್ಟೆಯಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು. ಮಗಳು ರಜೆ ಹಾಕಿ ತಾಯಿಯ ಜೊತೆ ಇರಲು ಆರ್.ಟಿ. ನಗರದ ಮನೆಗೆ ಬಂದಳು. ನಾನು ಒಂದು ಭಾನುವಾರ ಹೋದೆ. ಮೇಡಂ ಹಾಸಿಗೆಯಲ್ಲಿ ಒರಗಿ ಯಾವುದೋ ಪ್ರೂಫು ನೋಡುತ್ತಿದ್ದರು. ಮಗಳು ಅಡಿಗೆಮನೆಯಲ್ಲಿ ಚಹಾ ಮಾಡುತ್ತಿದ್ದಳು. ಇವತ್ತು ಹೇಳಿಯೇ ಬಿಡಬೇಕೆಂದು, “ಮೇಡಂ, ಆವತ್ತು ನಾನು...” ಎಂದು ಬಾಯಿ ತೆರೆದೆ.

“ನಂಗೆ ಯಾಕೆ ಹೇಳ್ತೀಯ? ನಂಗೆ ಗೊತ್ತಿರೋದೇ” ಎಂದರು, ಪ್ರೂಫಿನಿಂದ ಕಣ್ಣೆತ್ತದೆ. “ಯಾರಿಗೆ ಗೊತ್ತಿಲ್ವೋ ಅವರಿಗೆ ಹೇಳು.”

ಅಡಿಗೆಮನೆ ಹತ್ತು ಹೆಜ್ಜೆಯೂ ಇರಲಿಲ್ಲ. ಮಗಳು ಚಹಾ ತಂದಳು. ಕುಡಿದೆ. ಆಸ್ಪತ್ರೆಯ ಸಮಾಚಾರ ಹೇಳಿದೆ, ಹೊಸ ವೆಂಟಿಲೇಟರು ಬಂದದ್ದು, ಹೆಬ್ಬಾಳದ ಟ್ರಾಫಿಕ್ಕು. “ಬರ್ತೀನಿ ಮೇಡಂ” ಎಂದೆದ್ದೆ. ಅವರು ತಲೆ ಆಡಿಸಿದರು. ಅದೇ ಕೊನೆ. ಆರನೆಯ ವಾರಕ್ಕೆ ತೀರಿಕೊಂಡರು. ಮೂರನೆಯ ದಿನದ ಜಿಯಾರತ್ ಪ್ರಾರ್ಥನೆಗೆ ಹೋಗಿ, ಗಂಡಸರ ನಡುವೆ ಕೂತು, ಎದ್ದು ಬಂದೆ.

ಆ ಸುಳ್ಳು ಬರಹವನ್ನು ವಾಪಸು ತೆಗೆದುಕೊಂಡ ದಿನ ಸಂಜೆ ಅಲ್ಲಾಳಸಂದ್ರದ ನಮ್ಮ ಮನೆಯಿಂದ ನೇರ ಮೇಡಂ ಮನೆಗೆ ಹೋದೆ. ದಾರಿಯುದ್ದಕ್ಕೂ ಮಗಳು ಮನೆಯಲ್ಲಿ ಇಲ್ಲದಿದ್ದರೆ ಸಾಕು ಎಂದು ಬೇಡಿಕೊಳ್ಳುತ್ತಿದ್ದೆ. ಇದ್ದಳು. ತಾಯಿಯ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು.

“ಆವತ್ತು ನಿಮ್ಮಮ್ಮಿಗೆ ಗೊತ್ತಿರ್ಲಿಲ್ಲಮ್ಮ” ಎಂದೆ. “ಅಬ್ಬಾ ತೀರ್ಕೊಂಡಾಗಿತ್ತು. ಹೃದಯ ಬಡೀತಿದೆ ಅಂತ ಅವರಿಗೆ ನಾನು ಸುಳ್ಳು ಹೇಳ್ದೆ. ಅವರು ನಂಬಿ ನಿಂಗೆ ಫೋನ್ ಮಾಡಿದ್ರು. ಗೊತ್ತಿತ್ತು ಅಂತ ಆಮೇಲೆ ನಿನ್ನ ಹತ್ರ ಅಂದಿದ್ದು ನನ್ನ ಉಳ್ಸೋಕೆ. ಅವರು ನಿಂಗೆ ಹೇಳಿದ್ದು ಅದೊಂದೇ ಸುಳ್ಳು.”

ಅವಳು ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟಳು. ಬಯ್ಯುತ್ತಾಳೆ ಎಂದುಕೊಂಡೆ. ಬಯ್ದರೆ ಒಳ್ಳೆಯದಿತ್ತು.

“ಕೊನೇ ವಾರ,” ಎಂದಳು, “ನಂಗೆ ನೋವಿಲ್ಲ ಬೇಟಾ, ಔಷಧಿ ಸಾಕು, ಸ್ವಲ್ಪ ಹೊತ್ತು ಮಾತಾಡು ಅಂತ ಅಮ್ಮಿ ಹೇಳ್ತಾನೇ ಇದ್ರು. ನಾನು ನಂಬ್ಲಿಲ್ಲ ಸರ್. ನನ್ನ ಸಮಾಧಾನಕ್ಕೆ ಹೇಳ್ತಿದ್ದಾರೆ, ಒಳಗೇ ತಡ್ಕೋತಿದ್ದಾರೆ ಅಂದ್ಕೊಂಡೆ. ಡಾಕ್ಟ್ರಿಗೆ ಫೋನ್ ಮಾಡಿ, ತುಂಬಾ ನೋವಿದೆ ಅಂತ ಹೇಳಿ ಮಾರ್ಫಿನ್ ಜಾಸ್ತಿ ಮಾಡಿಸ್ದೆ. ಆಮೇಲೆ ಬರೀ ನಿದ್ದೆ. ಮೂರು ದಿನ ಕಣ್ಣೇ ಬಿಡ್ಲಿಲ್ಲ.” ನನ್ನನ್ನು ನೋಡಿದಳು. “ನಿಜವಾಗ್ಲೂ ನೋವಿರ್ಲಿಲ್ವಾ ಸರ್?”

ನಾನು ಡಾಕ್ಟರು. ಆ ಕಾಯಿಲೆಯಲ್ಲಿ ನೋವು ಇದ್ದೇ ಇರುತ್ತದಮ್ಮ, ನೀನು ಮಾಡಿದ್ದೇ ಸರಿ ಎಂದಿದ್ದರೆ ಅವಳು ನಂಬುತ್ತಿದ್ದಳು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಕಾಯುತ್ತಿದ್ದಳು.

“ನೋವಿಲ್ಲ ಅಂತ ಅಮ್ಮಿ ಅಂದಿದ್ರೆ, ಇರ್ಲಿಲ್ಲಮ್ಮ” ಎಂದೆ.